ಮುಟ್ಟಿದ್ದೆ, ಅಷ್ಟೇ

ಅಮೆರಿಕಕ್ಕೆ ಬಂದ ತಾತಂದಿರ ಬಳಿ ಮೊಮ್ಮಕ್ಕಳ ಜೊತೆ ಆಡಲು ಮೂರೇ ಮಾತಿರುತ್ತವೆ: ಊಟ ಆಯ್ತಾ, ಸ್ಕೂಲು ಹೆಂಗಿದೆ, ಸ್ವೆಟರ್ ಹಾಕ್ಕೊಂಡ್ಯಾ. ಮೂರಕ್ಕೂ ಮೊಮ್ಮಗ ‘ಹೂಂ’ ಅಂದುಬಿಟ್ಟರೆ ಮೊದಲ ದಿನವೇ ದಾಸ್ತಾನು ಖಾಲಿ. ಆಮೇಲೆ ವಾಪಸ್ ಟಿಕೆಟ್ಟಿನ ತಾರೀಖಿನವರೆಗೂ ಕಿಟಕಿ ಪಕ್ಕ ಕೂತು ಕಸದ ಲಾರಿಯ ದಾರಿ ಕಾಯುವುದೊಂದೇ ಕೆಲಸ. ಗುಬ್ಬಿಯಿಂದ ನ್ಯೂಜೆರ್ಸಿಗೆ ಬಂದ ನಮ್ಮಪ್ಪನನ್ನು ಆ ಕಿಟಕಿಯಿಂದ ಎಬ್ಬಿಸಿದ್ದು ಒಂದು ಹಾವುಮೀನು.

ಅದು ಇದ್ದದ್ದು ಟಿವಿಯೊಳಗೆ. ನಿಂಟೆಂಡೊ ಕಂಪನಿಯ ಮಾರಿಯೋ ಆಟಗಳಿಗೆ ಹಾವುಮೀನು ಹಳೇ ಗಿರಾಕಿ. 1996ರ ‘ಸೂಪರ್ ಮಾರಿಯೋ 64’ರಲ್ಲಿ ಮುಳುಗಿದ ಹಡಗಿನ ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡಿರುತ್ತದೆ. 2002ರ ‘ಸನ್‌ಶೈನ್’ನಲ್ಲಿ ಸಮುದ್ರದ ತಳದಲ್ಲಿ ಬಾಯಿ ಬಿಟ್ಟುಕೊಂಡು ಕಾಯುತ್ತದೆ. 2007ರ ‘ಗ್ಯಾಲಕ್ಸಿ’ಗೆ ಬರುವ ಹೊತ್ತಿಗೆ ಒಂದಲ್ಲ, ಮೂರು. ಉನಾಗಿ, ಈಲಿಮೌತ್, ಗ್ರಿಂಗಿಲ್ ಎಂದು ಆಟಕ್ಕೊಂದು ಹೆಸರಿಟ್ಟುಕೊಂಡರೂ ಕಸುಬು ಒಂದೇ, ಮೀಸೆ ಬಿಟ್ಟ ನಲ್ಲಿ ರಿಪೇರಿಯವ ಮಾರಿಯೋಗೆ ಅಡ್ಡ ಬರುವುದು. ಈ ಮೂರೂ ಆಟಗಳನ್ನು ಒಟ್ಟುಮಾಡಿ ಕಂಪನಿ 2020ರ ಸೆಪ್ಟೆಂಬರಿನಲ್ಲಿ ಮಾರಾಟಕ್ಕೆ ಬಿಟ್ಟು, 2021ರ ಮಾರ್ಚ್ ಕೊನೆಗೆ ನಿಲ್ಲಿಸಿಬಿಟ್ಟಿತು. ಅಪ್ಪ ಅಮ್ಮಂದಿರಿಗೆ ಏರ್‌ಪೋರ್ಟಿನಲ್ಲಿ ಸೀಲು ಒತ್ತಿ ಕೊಡುತ್ತಾರಲ್ಲ, ಹೆಚ್ಚುಕಮ್ಮಿ ಅಷ್ಟೇ ಅವಧಿ. ಆ ಆರು ತಿಂಗಳಲ್ಲಿ ಕೊಂಡವರ ಪೈಕಿ ನನ್ನ ಗಂಡನೂ ಒಬ್ಬರು. ಮಗನಿಗೆ ಅಂತ ಕೊಂಡದ್ದು ಎಂದು ಈಗಲೂ ವಾದಿಸುತ್ತಾರೆ.

ಪುಟ್ಟ ಎಂದು ಕರೆಯುವ ನಮ್ಮ ಮಗ ಒಂದು ಶನಿವಾರ ಆಟದಲ್ಲಿ ಆ ಮುಳುಗಿದ ಹಡಗಿನ ಹತ್ತಿರ ಈಜುತ್ತಿದ್ದ. ಹಾವುಮೀನು ಕಿಟಕಿಯಿಂದ ಇಣುಕಿತು. ಹಿಂದಿನಿಂದ ಅಪ್ಪನ ಧ್ವನಿ.

“ಅದು ಅದರ ಮನೆ ಕಣೋ. ನೀನ್ಯಾಕೆ ಒಳಗೆ ನುಗ್ತೀಯ?”

“ತಾತ, ಅದರ ಬಾಲದಲ್ಲಿ ಸ್ಟಾರ್ ಇದೆ.”

“ಇರ್ಲಿ. ಅದರ ಬಾಲ, ಅದರ ಸ್ಟಾರು. ನಿಂದೇನು ಗಂಟು ಹೋಯ್ತು?”

ಪುಟ್ಟನ ಹತ್ತಿರ ಉತ್ತರವಿರಲಿಲ್ಲ. ನಿಂಟೆಂಡೊ ಕಂಪನಿಯ ಹತ್ತಿರವೂ ಇರಲಾರದು. ಅಷ್ಟರಲ್ಲಿ ಹಾವುಮೀನು ಹೊರಬಂದು ಕಚ್ಚಿತು, ಮಾರಿಯೋ ಸತ್ತ, ಹುಡುಗ ರಿಮೋಟು ಎಸೆದ. ಅಪ್ಪನಿಗೆ ಅದೇನನ್ನಿಸಿತೋ, ಸೋಫಾದ ತುದಿಗೆ ಬಂದು ಕೂತರು.

“ಹಗಲು ಹೋದ್ರೆ ಸಿಗಲ್ಲ ಅದು. ಕೆಸರಲ್ಲಿ ಹೂತ್ಕೊಂಡು ಮೂತಿ ಮಾತ್ರ ಹೊರಗಿಟ್ಟಿರುತ್ತೆ. ಕತ್ತಲಾದ ಮೇಲೆ ಈಚೆ ಬರೋದು. ಬೆನ್ನಿಗೆ ಮಾತ್ರ ಕೈ ಹಾಕ್ಬೇಡ, ಸಾಲಾಗಿ ಮುಳ್ಳಿರುತ್ತೆ.”

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ನಮ್ಮದು ಮೊಟ್ಟೆ ಹಾಕಿದ ಕೇಕನ್ನೂ ಹೊಸಿಲು ದಾಟಲು ಬಿಡದ ಮನೆ. ಅಮ್ಮ ಸೌಟಿನ ಸಮೇತ ಬಾಗಿಲಿಗೆ ಬಂದರು.

“ನಿಮಗೆ ಹೆಂಗ್ರೀ ಗೊತ್ತು?”

“ಚಿಕ್ಕೋನಿದ್ದಾಗ ಕೆರೆ ಹತ್ರ ಹುಡುಗ್ರು ಹಿಡೀತಿದ್ರು. ನೋಡಿದ್ದೆ.” ಅಮ್ಮ ಕದಲಲಿಲ್ಲ. “ಮುಟ್ಟಿದ್ದೆ, ಅಷ್ಟೇ.”

“ಯಾವ ಕೈಲಿ?”

ಅಪ್ಪ ಬಲಗೈಯನ್ನು ಮೆಲ್ಲಗೆ ಪಂಚೆಯ ಮಡಿಕೆಗೆ ಸೇರಿಸಿದರು. “ಅದೇ ಕೈಲಿ ನನ್ನ ಕೈ ಹಿಡಿದ್ರಲ್ಲ” ಎಂದು ಅಮ್ಮ ಒಳಗೆ ಹೋದರು. ಆವತ್ತಿನ ಸಾರಿಗೆ ಉಪ್ಪಿರಲಿಲ್ಲ.

ಇಂಥ ಹೊತ್ತಲ್ಲಿ ಸುಮ್ಮನಿರುವುದು ನನ್ನ ಗಂಡನಿಗೆ ಗೊತ್ತಿಲ್ಲ. ಫೋನ್ ನೋಡಿಕೊಂಡು ಪಾಠ ಶುರುಮಾಡಿದರು. ಮಾವ ಹೇಳುತ್ತಿರುವ ಮುಳ್ಳಿನ ಮೀನು ಅಸಲಿ ಹಾವುಮೀನಲ್ಲವಂತೆ, ಮೈಕಟ್ಟು ಮಾತ್ರ ಹಾಗೆ. ಅಸಲಿ ಸಿಹಿನೀರಿನ ಹಾವುಮೀನು ಹುಟ್ಟುವುದು ಸಮುದ್ರದಲ್ಲಿ. ಮರಿಯಾಗಿದ್ದಾಗ ನದಿಗೆ ಬಂದು, ವರ್ಷಗಟ್ಟಲೆ ಅಲ್ಲೇ ಬೆಳೆದು, ಮೊಟ್ಟೆ ಇಡಲು ಮತ್ತೆ ಸಮುದ್ರಕ್ಕೆ ಹೋಗಿ ಅಲ್ಲೇ ಸಾಯುತ್ತದೆ.

“ನೋಡಮ್ಮಾ, ಮೀನಿಗಾದ್ರೂ ವಾಪಸ್ ಹೋಗ್ಬೇಕು ಅಂತ ಗೊತ್ತು” ಎಂದರು ಅಪ್ಪ ನನ್ನ ಕಡೆ ತಿರುಗಿ. ಹಸಿರು ಕಾರ್ಡಿನ ವಿಷಯ ಬಂದರೆ ಅವರು ಮೀನನ್ನೂ ಬಿಡುವುದಿಲ್ಲ.

ಆಮೇಲೆ ದಾರಿಯ ಲೆಕ್ಕ. ಗುಬ್ಬಿ ಕಡೆಯ ಶಿಂಷಾ ನದಿ ಹುಟ್ಟುವುದು ದೇವರಾಯನದುರ್ಗದಲ್ಲಿ, ಸೇರುವುದು ಕಾವೇರಿಗೆ. ಹಾಗಾದರೆ ಬಂಗಾಳ ಕೊಲ್ಲಿಯಲ್ಲಿ ಹೊರಟ ಮರಿ ಗುಬ್ಬಿ ಕಡೆ ಬರಬೇಕೆಂದರೆ 1934ರಲ್ಲಿ ಕಟ್ಟಿ ಮುಗಿಸಿದ ಮೆಟ್ಟೂರು ಅಣೆಕಟ್ಟು ಅಡ್ಡ. ಅದನ್ನು ದಾಟಿದರೂ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಅಡ್ಡ. ಅಮ್ಮ ಕುಣಿಗಲ್‌ನವರು.

“ಅಂದ್ರೆ ಇಮಿಗ್ರೇಶನ್ ನಿಮ್ಮೂರಲ್ಲೇ! ಕುಣಿಗಲ್‌ನೋರು ಯಾರನ್ನ ಬಿಟ್ಟಾರು?”

“ಮಾರ್ಕೋನಹಳ್ಳೀಲಿ ಗೇಟು ಎತ್ತೋರೇ ಬೇಡ. ಸೈಫನ್ ಇದೆ. ನೀರು ತುಂಬಿದ್ರೆ ತಾನೇ ಹರಿಯುತ್ತೆ.”

“ನಿನ್ನ ಮಾತಿನ ಹಂಗೆ.”

ಇಲ್ಲಿಂದ ಮೀನು ಬದಿಗೆ ಹೋಗಿ ಎರಡು ತಾಲ್ಲೂಕುಗಳ ಯುದ್ಧ. ಕುಣಿಗಲ್ ಕೆರೆಯ ಮೇಲೆ ನಾಡೆಲ್ಲ ಹಾಡುವ ಜನಪದ ಗೀತೆಯಿದೆ, ಗುಬ್ಬಿ ಕೆರೆಗೆ ಯಾರು ಹಾಡು ಕಟ್ಟಿದರು ಎಂದು ಅಮ್ಮ. 1884ರಲ್ಲೇ ನಾಟಕ ಕಂಪನಿ ಕಟ್ಟಿದ ಊರಿಗೆ ಒಂದು ಹಾಡು ಯಾವ ಲೆಕ್ಕ ಎಂದು ಅಪ್ಪ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆಗಳನ್ನೇ ರಂಗದ ಮೇಲೆ ತಂದವರು. “ಈ ಆಟ ಅವರ ಕೈಗೆ ಸಿಕ್ಕಿದ್ರೆ ನಿಜವಾದ ಹಾವುಮೀನನ್ನೇ ತಂದು ಬಿಡ್ತಿದ್ರು. ಮುಂದಿನ ಸಾಲಿನೋರು ಪಂಚೆ ಎತ್ಕೊಂಡು ಕೂರ್ಬೇಕಾಗ್ತಿತ್ತು.” ವೀರಣ್ಣನವರು ಹೆಸರು ಮಾಡಿದ್ದು ಹಾಸ್ಯನಟರಾಗಿ. ಅವರ ಊರಿನವರೆಲ್ಲ ತಮಗೂ ಅದರಲ್ಲಿ ಪಾಲಿದೆ ಎಂದು ತಿಳಿದಿರುತ್ತಾರೆ.

‘ಸನ್‌ಶೈನ್’ನ ಹಾವುಮೀನು ಅಪ್ಪನ ಅಚ್ಚುಮೆಚ್ಚು. ಅದಕ್ಕೆ ಹಲ್ಲಿನ ರೋಗ. ಹಲ್ಲಿನ ಕೊಳೆಯಿಂದ ಇಡೀ ಕೊಲ್ಲಿಯ ನೀರು ವಿಷವಾಗಿರುತ್ತದೆ. ಬೆನ್ನಿಗೆ ಕಟ್ಟಿಕೊಂಡ ಪಂಪಿನಿಂದ ಮಾರಿಯೋ ಒಂದೊಂದೇ ಹಲ್ಲು ತೊಳೆಯಬೇಕು. ಅಡಿಕೆ ತೆಂಗಿನ ತೋಟದಲ್ಲಿ ಔಷಧಿ ಹೊಡೆದ ಅನುಭವ ಹಠಾತ್ತನೆ ಕೆಲಸಕ್ಕೆ ಬಂತು. “ಇನ್ನೂ ಸ್ವಲ್ಪ ಮೇಲೆ ಹಿಡಿ. ದವಡೆ ಹಲ್ಲು ಬಿಟ್ಟೆ ನೋಡು.”

ವಿಮಾನ ಹತ್ತುವ ಮುಂಚೆ ಅಪ್ಪ ತುಮಕೂರಿನಲ್ಲಿ ಎರಡು ಹಲ್ಲು ಕೀಳಿಸಿ, ಒಂದಕ್ಕೆ ಕ್ಯಾಪ್ ಹಾಕಿಸಿಕೊಂಡು ಬಂದವರು. ಇಲ್ಲಿ ಅವರಿಗೆ ನಾವು ಮಾಡಿಸಿದ ಇನ್ಶೂರೆನ್ಸಿನಲ್ಲಿ ಹಲ್ಲುಗಿಲ್ಲು ಸೇರಿಲ್ಲ.

“ಇಷ್ಟು ಹಲ್ಲಿಗೆ ಬಿಲ್ ಎಷ್ಟೋ?”

“ಫ್ರೀ, ತಾತ.”

ಅಪ್ಪ ನಾಲಿಗೆಯಿಂದ ಕ್ಯಾಪ್ ಮುಟ್ಟಿ ನೋಡಿಕೊಂಡರು. “ಮನುಷ್ಯರಾಗಿ ಹುಟ್ಟಿ ಕೆಟ್ವಿ.”

ಭಾನುವಾರದ ಕನ್ನಡ ಕ್ಲಾಸಿನಲ್ಲಿ ಪುಟ್ಟ ಎರಡು ವರ್ಷ ಕಲಿತದ್ದು ಕೋಗಿಲೆ ಹಾಡುತ್ತದೆ, ನವಿಲು ಕುಣಿಯುತ್ತದೆ. ಈಗ ಕೆಸರು, ಮೂತಿ, ದವಡೆ, ಗಂಟು ಹೋಯ್ತು ಎಲ್ಲ ಬಾಯಲ್ಲಿ. ಹಾಗಾಗಿ ನವೆಂಬರಿನ ರಾಜ್ಯೋತ್ಸವಕ್ಕೆ ಟೀಚರು ಅವನನ್ನೇ ಆರಿಸಿದರು. ವಿಷಯ: ನನ್ನ ತಾತನ ಊರು. ತಾತ ಮೊಮ್ಮಗ ಕೋಣೆಯ ಬಾಗಿಲು ಹಾಕಿಕೊಂಡು ಬರೆದರು. ನನಗೂ ತೋರಿಸಲಿಲ್ಲ.

ಬಾಡಿಗೆಗೆ ಹಿಡಿದ ಶಾಲೆಯ ಹಾಲು. ಮುಂದಿನ ಸಾಲಿನಲ್ಲಿ ಅಮ್ಮ ರೇಷ್ಮೆ ಸೀರೆಯಲ್ಲಿ, ಪಕ್ಕದಲ್ಲಿ ಅಪ್ಪ. ಪುಟ್ಟ ಮೈಕಿನ ಮುಂದೆ ನಿಂತು, ತಾತನ ಜೊತೆ ಬರೆದ ಚೀಟಿಯನ್ನು ಜೇಬಲ್ಲೇ ಬಿಟ್ಟು, ಬಾಯಿಗೆ ಬಂದದ್ದನ್ನು ಹೇಳಿದ.

“ನನ್ನ ತಾತನ ಊರು ಗುಬ್ಬಿ. ಗುಬ್ಬಿಯಲ್ಲಿ ಕೆರೆ ಇದೆ. ಕೆರೆಯಲ್ಲಿ ಹಾವುಮೀನು ಇದೆ. ತಾತ ಅದನ್ನು ರಾತ್ರಿ ಹಿಡಿದರು. ಉಪ್ಪು ಖಾರ ಹಚ್ಚಿ ಸುಟ್ಟರು. ಬಹಳ ರುಚಿ ಇತ್ತು. ಅಜ್ಜಿಗೆ ಹೇಳಬಾರದು. ಜೈ ಕರ್ನಾಟಕ ಮಾತೆ.”

ಹಾಲಿಗೆ ಹಾಲೇ ಚಪ್ಪಾಳೆ. ಅಪ್ಪನೂ ಗಾಬರಿಯಲ್ಲಿ ತಟ್ಟಿಬಿಟ್ಟರು. ಅಮ್ಮ ಅವರ ಕಡೆ ತಿರುಗಿಯೂ ನೋಡದೆ ನನ್ನ ಕಿವಿಗೆ ಬಗ್ಗಿದರು. “ವಾಪಸ್ ಹೋಗೋವಾಗ ವಿಮಾನದಲ್ಲಿ ನಮ್ಮಿಬ್ಬರ ಸೀಟು ಬೇರೆ ಬೇರೆ ಮಾಡಿಸೋಕಾಗುತ್ತಾ, ಕೇಳು.”