ಸ್ಟಿಕ್ಕರ್ ಮಹಾತ್ಮೆ

ಅಮೆರಿಕದ ಪಿಕಪ್ ಟ್ರಕ್ಕುಗಳ ಪಕ್ಕೆಗೆ ಅಂಟಿಸಿರುವ ಆಫ್-ರೋಡ್ ಸ್ಟಿಕ್ಕರ್ ಕಂಡರೆ ನನಗೆ ಮಹಾ ಮೋಹ. ಷೆವ್ರೊಲೆಯ ‘ಝಡ್71’ 1988ರಿಂದ ಇದೆ. ಫೋರ್ಡಿನದು ‘ಎಫ್‌ಎಕ್ಸ್4’, ಟೊಯೊಟಾ ಟಕೋಮಾದ್ದು ‘ಟಿಆರ್‌ಡಿ ಆಫ್-ರೋಡ್’. ಬೇರೆ ಶಾಕ್ ಅಬ್ಸಾರ್ಬರ್, ಹೊಟ್ಟೆಯಡಿಗೆ ಸ್ಕಿಡ್ ಪ್ಲೇಟ್, ಇಳಿಜಾರಿನಲ್ಲಿ ತಾನೇ ಬ್ರೇಕ್ ಹಿಡಿಯುವ ಹಿಲ್ ಡಿಸೆಂಟ್ ಕಂಟ್ರೋಲ್ ಇತ್ಯಾದಿಗಳನ್ನು ಕಟ್ಟಿಕೊಟ್ಟು, ಮೇಲೊಂದು ಸ್ಟಿಕ್ಕರ್ ಮೆತ್ತಿ, ಕಂಪನಿಗಳು ಸಾಕಷ್ಟು ದುಡ್ಡು ಹೆಚ್ಚಿಗೆ ಕೇಳುತ್ತವೆ. ಕೊಡಬಹುದೇ? ಡಿಫ್ ಲಾಕ್, ಅಂದರೆ ಡಿಫರೆನ್ಷಿಯಲ್‌ಗೆ ಹಾಕುವ ಬೀಗ, ಇದ್ದರೆ ಕೊಡಬಹುದು, ಇಲ್ಲದಿದ್ದರೆ ಬೇಡ ಎಂಬುದು ನನ್ನ ವಾದ.

ಈ ವಾಹನಗಳಲ್ಲಿ ಎಷ್ಟೋ ಹತ್ತಿಳಿಯುವ ಅತಿ ದುರ್ಗಮ ಪರ್ವತವೆಂದರೆ ಮಾಲಿನ ಬಹುಮಹಡಿ ಪಾರ್ಕಿಂಗು. ಅದರ ಐದನೇ ಮಹಡಿಯಿಂದ ಹಿಲ್ ಡಿಸೆಂಟ್ ಗುಂಡಿ ಒತ್ತಿ ಇಳಿಯುವ ಮಹನೀಯನನ್ನು ಊಹಿಸಿಕೊಳ್ಳಿ. ಎರಡೂ ಪೆಡಲಿನಿಂದ ಕಾಲು ತೆಗೆದಿದ್ದಾನೆ. ಬ್ರೇಕು ಕರ್ರ್ ಕರ್ರ್ ಎನ್ನುತ್ತಿದೆ. ಟ್ರಕ್ಕು ಮದುವಣಗಿತ್ತಿಯ ಹಾಗೆ ಅಡಿ ಅಡಿ ಇಡುತ್ತಿದೆ. ನಾಲ್ಕನೇ ಮಹಡಿಯ ತಿರುವಿನಲ್ಲಿ ಹಿಂದಿನ ವ್ಯಾನಿನವನು ಹಾರ್ನ್ ಹೊಡೆದ. ನಮ್ಮವನು ಪ್ರಪಾತ ನೋಡುವವನಂತೆ ಕಿಟಕಿಯಿಂದ ಕತ್ತು ಚಾಚಿದ. ಮೂರನೇ ಮಹಡಿಗೆ ಬರುವಷ್ಟರಲ್ಲಿ ಸಾಲು ಬೆಳೆದಿದೆ. ಟ್ರಕ್ಕಿನ ಹಿಂದಿನ ತೊಟ್ಟಿಯಲ್ಲಿರುವ ಸರಕು ಟಾಯ್ಲೆಟ್ ಪೇಪರಿನ ಒಂದು ಮೂಟೆ. ಕೆಳಗಿನ ಸ್ಕಿಡ್ ಪ್ಲೇಟಿಗೆ ಒಂದು ಗೀರೂ ಇಲ್ಲ. ಎರಡು ಜಾಗ ಹಿಡಿದು ನಿಲ್ಲಿಸುವ ಇಂಥವರ ಮೇಲೆ ನನಗೆ ಸಿಟ್ಟಿದೆ. ಆದರೂ ಆ ಸ್ಟಿಕ್ಕರ್, ಛೆ, ಎಷ್ಟು ಚೆಂದ!

ಡಿಫ್ ಲಾಕಿನ ಮಾತು ಬೇರೆ. ಎಂಜಿನ್ನಿನ ಬಲವನ್ನು ಎರಡು ಚಕ್ರಗಳಿಗೆ ಹಂಚುವ ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ನೆಲ ಬಿಟ್ಟು ಮೇಲೆದ್ದರೆ ಅದು ಸುಮ್ಮನೆ ಗಿರಗಿರ ತಿರುಗುತ್ತದೆ, ನೆಲದ ಮೇಲಿರುವುದು ಕದಲುವುದಿಲ್ಲ. ಲಾಕ್ ಹಾಕಿದರೆ ಎರಡೂ ಒಟ್ಟಿಗೆ ತಿರುಗುತ್ತವೆ. ಯೂಟಾದ ಮೋಆಬ್ ಕಡೆಯ ಬಂಡೆಗಳ ನಡುವೆ, ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಸಿಕ್ಕಿಬಿದ್ದವರಿಗೆ ಇದು ತಮಾಷೆಯಲ್ಲ. ನೀರು ಮುಗಿಯುವ ಮುಂಚೆ ಹೊರಬರುವ ಪ್ರಶ್ನೆ. ಶಾಕ್, ಪ್ಲೇಟ್, ಟೈರುಗಳನ್ನು ಆಮೇಲೆ ಯಾವ ಗ್ಯಾರೇಜಿನಲ್ಲಾದರೂ ಹಾಕಿಸಬಹುದು. ಲಾಕ್ ಕೂರಿಸಬೇಕೆಂದರೆ ಆಕ್ಸಲ್ ಬಿಚ್ಚಬೇಕು, ಗೇರು ಹೊಂದಿಸಬೇಕು, ಕೂಲಿಯೇ ಮೈಮೇಲೆ ಬರುತ್ತದೆ.

ಹೊರಗೆ ಹಾಕಿಸಿದರೆ ವಾರಂಟಿ ಹೋಗುತ್ತದಲ್ಲ ಎನ್ನುತ್ತಾರೆ. ಅಮೆರಿಕದ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆಯ ಪ್ರಕಾರ ಹೊರಗಿನ ಬಿಡಿಭಾಗ ಹಾಕಿಸಿದ ಮಾತ್ರಕ್ಕೆ ವಾರಂಟಿ ರದ್ದಾಗುವುದಿಲ್ಲ. ಕೆಟ್ಟದ್ದು ಅದರಿಂದಲೇ ಎಂದು ಕಂಪನಿ ತೋರಿಸಬೇಕು. ಸ್ಟಿಕ್ಕರ್ ಇದ್ದರೆ ಮಾರುವಾಗ ಒಳ್ಳೆಯ ಬೆಲೆ ಬರುತ್ತದೆ ಎಂಬುದನ್ನು ಒಪ್ಪಬೇಕಾದ್ದೇ: ಮುಂದೆ ಕೊಳ್ಳುವವನೂ ಪಾರ್ಕಿಂಗ್ ಪರ್ವತಾರೋಹಿಯೇ ತಾನೇ. ಆದರೆ ಬಡ್ಡಿ ಕಟ್ಟಿದ ಸಾಲದಲ್ಲಿ ಸ್ಟಿಕ್ಕರ್ ಕೊಂಡು, ವರ್ಷಗಳ ಮೇಲೆ ಅದರಲ್ಲೊಂದು ಪಾಲು ವಾಪಸು ಪಡೆಯುವುದನ್ನು ಲಾಭ ಎನ್ನಲು ನನ್ನ ಗಣಿತ ಒಪ್ಪದು.

ಆದ್ದರಿಂದ ಶೋರೂಮಿನಲ್ಲಿ ಬಣ್ಣಕ್ಕೆ ಮರುಳಾಗದೆ, ಹಿಂದಿನ ಆಕ್ಸಲ್‌ಗೆ ಲಾಕ್ ಇದೆಯೇ, ಅದು ಬಿಡಿಯಾಗಿ ಸಿಗುತ್ತದೆಯೇ ಎಂದು ಮೊದಲು ಕೇಳಿ. ಫೋರ್ಡಿನ ಎಫ್-150 ಪಿಕಪ್‌ಗೆ ಹಲವು ವರ್ಷ ಹಾಗೆ ಸಿಗುತ್ತಿತ್ತು. ಸಿಕ್ಕರೆ ಅಷ್ಟನ್ನೇ ತೆಗೆದುಕೊಂಡು, ಉಳಿದ ದುಡ್ಡಿಗೆ ಒಳ್ಳೆಯ ಟೈರು ಹಾಕಿಸಿಕೊಳ್ಳಿ.