ಸೂಪರ್‌ಮ್ಯಾನ್ ಯಾವ ಪೈಕಿ?

(ಜರ್ಸಿ ಸಿಟಿ, ನ್ಯೂಆರ್ಕ್ ಅವೆನ್ಯೂ. ರಾಯರ ದಿನಸಿ ಅಂಗಡಿಯ ಸೋನಾ ಮಸೂರಿ ಮೂಟೆಗಳ ನಡುವೆ ಸೂಪರ್‌ಮ್ಯಾನ್ ಧೊಪ್ಪನೆ ಇಳಿಯುತ್ತಾನೆ.)

ಸೂಪರ್‌ಮ್ಯಾನ್: ಪೂರ್ವಗ್ರಹದ ವಿರುದ್ಧ ಹೋರಾಡೋಕೆ ಬಂದಿದ್ದೀನಿ!

ರಾಯರು: ತಡವಾಯ್ತಲ್ಲ ಸ್ವಾಮಿ. 1987ರಲ್ಲಿ ಇದೇ ಊರಲ್ಲಿ ‘ಡಾಟ್‌ಬಸ್ಟರ್ಸ್’ ಪುಂಡರು ಭಾರತೀಯರನ್ನೆಲ್ಲ ಓಡಿಸ್ತೀವಿ ಅಂತ ಪತ್ರಿಕೆಗೇ ಕಾಗದ ಬರೆದಿದ್ರು. ಆಗೆಲ್ಲಿದ್ರಿ?

ಸೂಪರ್‌ಮ್ಯಾನ್: ಕ್ಷಮಿಸಿ. ನಾನೂ ವಲಸೆ ಬಂದವನೇ. ಮೇಲಿನ ಮನೆ ಬಾಡಿಗೆಗಿದೆಯಂತೆ?

ರಾಯರು: ಇದೆ. ನಮ್ಮಲ್ಲಿ ಭೇದಭಾವ ಅನ್ನೋದೇ ಇಲ್ಲ. ವೆಜ್ ತಾನೇ? ಯಾವ ಕಡೆಯವರು?

ಸೂಪರ್‌ಮ್ಯಾನ್: ಕ್ರಿಪ್ಟಾನ್.

ರಾಯರು: ಅದು ಸರಿ. ಕ್ರಿಪ್ಟಾನಲ್ಲಿ ಯಾವ ಪೈಕಿ?

ಸೂಪರ್‌ಮ್ಯಾನ್: ಗ್ರಹವೇ ಸಿಡಿದುಹೋಯ್ತು ಸಾರ್. ನಮ್ಮ ಪೈಕಿ ಯಾರೂ ಉಳಿದಿಲ್ಲ.

ರಾಯರು: ಅಯ್ಯೋ ಪಾಪ. ಆದ್ರೆ ಎದುರು ಮನೆ ತಮಿಳರ ಜೊತೆ ಸಲಿಗೆ ಬೇಡ. 1924ರ ಕಾವೇರಿ ಒಪ್ಪಂದ ನಾವಿನ್ನೂ ಮರೆತಿಲ್ಲ.

ಸೂಪರ್‌ಮ್ಯಾನ್: ಇಲ್ಲಿ ಹರಿಯೋದು ಹಡ್ಸನ್ ಅಲ್ವೇ?

ರಾಯರು: ನೀರು ಯಾರದಾದ್ರೇನು, ಜಗಳ ನಮ್ಮದೇ! ಅಂದಹಾಗೆ, ಅಮೆರಿಕಕ್ಕೆ ಬಂದಿದ್ದು ಯಾವಾಗ?

ಸೂಪರ್‌ಮ್ಯಾನ್: 1938.

ರಾಯರು: ಗ್ರೀನ್ ಕಾರ್ಡ್ ಆಯ್ತಾ?

ಸೂಪರ್‌ಮ್ಯಾನ್: ಇನ್ನೂ ಇಲ್ಲ.

ರಾಯರು: ಹಾಗಾದ್ರೆ ಎರಡು ತಿಂಗಳ ಅಡ್ವಾನ್ಸ್ ಜಾಸ್ತಿ ಕೊಡಬೇಕಾಗತ್ತೆ. ಹಾರಿಹೋಗೋ ಗಿರಾಕಿಗಳನ್ನ ಹೇಗೆ ಸ್ವಾಮಿ ನಂಬೋದು?