ವೇಗಮೀಮಾಂಸೆ: ಗಾಜಿನ ಎಳೆಯ ಮೂರು ಸತ್ಯಗಳು

ಶಾಸ್ತ್ರಗ್ರಂಥ ಶುರುವಾಗುವ ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬೇಕೆಂಬುದು ಪೂರ್ವಿಕರ ಕಟ್ಟಳೆ. ಕೊಟ್ಟುಬಿಡೋಣ. ವಿಷಯ: ಇಂಟರ್ನೆಟ್ಟಿನ ವೇಗ. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು: ಮನೆಗೆ ಫೈಬರ್ ಹಾಕಿಸಿಕೊಂಡೂ ಫೋನಿನ ಹಾಟ್‌ಸ್ಪಾಟ್‌ನಲ್ಲಿ ಮೀಟಿಂಗ್ ಮುಗಿಸಿದವನು. ಸಂಬಂಧ: ಕೇಬಲ್ ತುಂಡಾಗುವವರೆಗೆ ಇರುತ್ತದೆ. ಪ್ರಯೋಜನ: ಬಿಲ್ ಕಟ್ಟುವಾಗ ಒಂದಿಷ್ಟು ಮನಶ್ಶಾಂತಿ.

ಅದ್ವೈತಿಗಳು ಸತ್ಯವನ್ನು ಪಾರಮಾರ್ಥಿಕ, ವ್ಯಾವಹಾರಿಕ, ಪ್ರಾತಿಭಾಸಿಕ ಎಂದು ಮೂರು ಮೆಟ್ಟಿಲಾಗಿ ಮಾಡಿಟ್ಟಿದ್ದಾರೆ. ಬ್ರಾಡ್‌ಬ್ಯಾಂಡ್ ಬರುವುದನ್ನು ಮೊದಲೇ ಕಂಡಿದ್ದರೋ ಏನೋ, ವೇಗವೂ ಹೀಗೆಯೇ ಮೂರು ಬಗೆ. ಪ್ರಯೋಗಾಲಯದಲ್ಲಿ ಇರುವುದು ಪಾರಮಾರ್ಥಿಕ. ಮನೆಗೆ ಬರುವುದು ವ್ಯಾವಹಾರಿಕ. ಜಾಹೀರಾತಿನಲ್ಲಿ ಕಾಣುವುದು ಪ್ರಾತಿಭಾಸಿಕ, ಕತ್ತಲಲ್ಲಿ ಹಗ್ಗದ ಮೇಲೆ ತೋರಿದ ಹಾವು. ವ್ಯತ್ಯಾಸವಿಷ್ಟೇ: ಈ ಹಾವು ತಿಂಗಳಿಗೊಮ್ಮೆ ದುಡ್ಡು ಕೇಳುತ್ತದೆ.

ಪಾರಮಾರ್ಥಿಕ ಪ್ರಕರಣ

ಗುರುಪರಂಪರೆಯನ್ನು ನೆನೆಯದೆ ಮುಂದೆ ಹೋದರೆ ದೋಷ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ 1950ರ ದಶಕದಲ್ಲಿ ಲಂಡನ್ನಿನಲ್ಲಿ ಗಾಜಿನ ಎಳೆಗಳ ಕಟ್ಟಿನೊಳಗಿಂದ ಚಿತ್ರವನ್ನು ಹಾಯಿಸಿ ತೋರಿಸಿದರು. 1966ರಲ್ಲಿ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್, ಒಂದು ಕಿಲೋಮೀಟರ್ ಸಾಗಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕು, ಅಂಥ ಗಾಜಿನಲ್ಲಿ ದೂರಸಂಪರ್ಕ ನಡೆಸಬಹುದು ಎಂದು ಸೂತ್ರ ಬರೆದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯವರು ಆ ಗಾಜನ್ನು ಮಾಡಿಯೇಬಿಟ್ಟರು. ಈಗಿನ ಗಾಜಿನಲ್ಲಿ ಕಿಲೋಮೀಟರಿಗೆ ನೂರರಲ್ಲಿ ತೊಂಬತ್ತೈದು ಪಾಲು ಉಳಿಯುತ್ತದೆ. ಕಾವ್ ಅವರಿಗೆ ನೊಬೆಲ್ ಬಂದದ್ದು 2009ರಲ್ಲಿ, ಸೂತ್ರ ಬರೆದು 43 ವರ್ಷಕ್ಕೆ. ಹೊಸ ಕನೆಕ್ಷನ್‌ಗೆ ಹೆಸರು ಕೊಟ್ಟು ಕಾಯುತ್ತಿರುವವರು ಈ ದೃಷ್ಟಾಂತದಿಂದ ಸಮಾಧಾನ ಪಡೆಯತಕ್ಕದ್ದು.

ಈಗಿನ ಪೀಠ ಜಪಾನಿನಲ್ಲಿದೆ. ಅಲ್ಲಿಯ ಎನ್‌ಐಸಿಟಿ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆಗೆ ತನ್ನ ದಾಖಲೆಯನ್ನು ತಾನೇ ಮುರಿಯುವುದೊಂದು ವ್ರತ. 2021ರಲ್ಲಿ ಸೆಕೆಂಡಿಗೆ 319 ಟೆರಾಬಿಟ್. 2022ರಲ್ಲಿ 1.02 ಪೆಟಾಬಿಟ್, ಆದರೆ 51.7 ಕಿ.ಮೀ. ಮಾತ್ರ. 2023ರಲ್ಲಿ 38 ತಿರುಳುಗಳ, ಅಂದರೆ ಬೆಳಕು ಹಾಯುವ 38 ಒಳದಾರಿಗಳ, ಎಳೆಯೊಂದರಲ್ಲಿ 22.9 ಪೆಟಾಬಿಟ್. 2025ರಲ್ಲಿ ಸುಮಿಟೊಮೊ ಎಲೆಕ್ಟ್ರಿಕ್ ಕಂಪನಿಯ ಜೊತೆ ಸೇರಿ, 0.125 ಮಿ.ಮೀ. ದಪ್ಪದ ಒಂದೇ ಎಳೆಯೊಳಗೆ 19 ತಿರುಳು ಕೂರಿಸಿ, ಮತ್ತೆ 1.02 ಪೆಟಾಬಿಟ್, ಈ ಸಲ 1,808 ಕಿ.ಮೀ. ದೂರ. ಈ ವೇಗವನ್ನು 100 ಎಂಬಿಪಿಎಸ್ ಪ್ಲಾನುಗಳಾಗಿ ಹಂಚಿದರೆ 1 ಕೋಟಿ 2 ಲಕ್ಷ ಮನೆಗಳಿಗೆ ಏಕಕಾಲಕ್ಕೆ ಸಾಲುತ್ತದೆ. ಯಾರೂ ಯಾರ ಮೇಲೂ ರೇಗಬೇಕಾಗಿಲ್ಲ.

1,808 ಕಿಲೋಮೀಟರ್ ಎಂದಾಗ ಓದುಗರು ಬೆಟ್ಟ, ಹೊಳೆ, ಹೆದ್ದಾರಿಗಳನ್ನು ಕಲ್ಪಿಸಿಕೊಳ್ಳಬಾರದು. 86.1 ಕಿ.ಮೀ. ಉದ್ದದ ಎಳೆಗಳನ್ನು ಸುತ್ತಿಟ್ಟು ಬೆಳಕನ್ನು ಅವುಗಳೊಳಗೆ 21 ಪ್ರದಕ್ಷಿಣೆ ಹಾಕಿಸಿದ್ದಾರೆ. ಇದರಲ್ಲಿ ಮೋಸವೇನಿಲ್ಲ. ಹೀಗೆ ಅಳೆಯುವುದು ಈ ವಿದ್ಯೆಯಲ್ಲಿ ಸರ್ವಸಮ್ಮತ. ಆದರೆ ಪ್ರದಕ್ಷಿಣಾ ಪಥದಲ್ಲಿ ನೀರಿನ ಪೈಪಿಗೆ ಗುಂಡಿ ತೋಡುವವರು ಯಾರೂ ಇರಲಿಲ್ಲವೆಂಬುದನ್ನು ಸಹೃದಯರು ಮರೆಯಬಾರದು.

ಇಲ್ಲೊಂದು ಪೂರ್ವಪಕ್ಷ: ಜಪಾನಿನ ಬೆಳಕು ನಮ್ಮ ಬೆಳಕಿಗಿಂತ ಜೋರಾಗಿ ಓಡುತ್ತದೆಯೇ? ಇಲ್ಲ. ಗಾಜಿನೊಳಗೆ ಬೆಳಕು ಓಡುವುದು ಎಲ್ಲೆಡೆ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ದಾಖಲೆ ಮುರಿಯುವುದು ಓಟವಲ್ಲ, ಹೊರೆ. ಒಂದೇ ಎಳೆಯಲ್ಲಿ ನೂರಾರು ಬಣ್ಣದ ಬೆಳಕನ್ನು ಒಟ್ಟಿಗೆ ಕಳಿಸಿ, ಒಂದೊಂದರ ಮೇಲೂ ಸಾಧ್ಯವಾದಷ್ಟು ಬಿಟ್ ಹೇರುವುದೇ ಇದರ ಮರ್ಮ. ಇನ್ನೊಂದು ಸಂಗತಿ ಕೇಳಿದರೆ ಹೊಟ್ಟೆ ಉರಿದೀತು. 2024ರಲ್ಲಿ ಇದೇ ಸಂಸ್ಥೆ 402 ಟೆರಾಬಿಟ್ ಸಾಗಿಸಿದ್ದು ಯಾವ ವಿಶೇಷ ಎಳೆಯಲ್ಲೂ ಅಲ್ಲ, ಅಂಗಡಿಯಲ್ಲಿ ಸಿಗುವ ಒಂದೇ ತಿರುಳಿನ ಮಾಮೂಲಿ ಫೈಬರ್‌ನಲ್ಲಿ, 50 ಕಿ.ಮೀ. ದೂರಕ್ಕೆ. ನಿಮ್ಮ ಕಿಟಕಿಯ ಮೂಲೆಗೆ ತೂತು ಹೊಡೆದು ಒಳಗೆ ತಂದಿರುವುದೂ ಹೆಚ್ಚುಕಡಿಮೆ ಅದೇ ಕುಲದ ಎಳೆ. ಎಳೆಯಲ್ಲಿ ಐಬಿಲ್ಲ ಎಂದಾಯಿತು. ಹಾಗಿದ್ದರೆ ಐಬು ಎಲ್ಲಿ?

ವ್ಯಾವಹಾರಿಕ ಪ್ರಕರಣ

ಸೂತ್ರ: ಬೀದಿ ಮೂಲೆಯ ಪೆಟ್ಟಿಗೆಯಲ್ಲಿ.

ಭಾಷ್ಯ: ಬಹಳಷ್ಟು ಬಡಾವಣೆಗಳಲ್ಲಿ ಇಂದಿಗೂ ಇರುವುದು ಜಿಪಾನ್ ಎಂಬ ವ್ಯವಸ್ಥೆ. ಅದರಲ್ಲಿ ಒಂದು ಎಳೆ ಹೊತ್ತು ತರುವುದು ಸುಮಾರು 2.5 ಗಿಗಾಬಿಟ್. ಕಂಬಕ್ಕೆ ಕಟ್ಟಿದ ಸ್ಪ್ಲಿಟರ್ ಎಂಬ ಪುಟ್ಟ ಪೆಟ್ಟಿಗೆ ಅದನ್ನು 32 ಮನೆಗೆ ಹಂಚುತ್ತದೆ, ಕೆಲವೊಮ್ಮೆ 64ಕ್ಕೆ. 32 ಮನೆಗೂ 100 ಎಂಬಿಪಿಎಸ್ ಪ್ಲಾನ್ ಮಾರಿದರೆ ಬೇಕಾಗುವುದು 3.2 ಗಿಗಾಬಿಟ್. ಇರುವುದು 2.5. ಉಳಿದ 0.7 ಎಲ್ಲಿಂದ ಬರುತ್ತದೆ? ಎಲ್ಲರೂ ಒಟ್ಟಿಗೆ ಬಳಸುವುದಿಲ್ಲ ಎಂಬ ನಂಬಿಕೆಯಿಂದ. ವರ್ಷದ ಬಹುಪಾಲು ಈ ನಂಬಿಕೆ ಸುಳ್ಳಾಗುವುದಿಲ್ಲ. ಐಪಿಎಲ್ ಫೈನಲ್ಲಿನ ಕೊನೆಯ ಓವರು ಮಾತ್ರ ಆಸ್ತಿಕರನ್ನೂ ನಾಸ್ತಿಕರನ್ನಾಗಿ ಮಾಡುತ್ತದೆ.

ಬೆಳಕನ್ನು 32 ಪಾಲು ಮಾಡುವುದೆಂದರೆ ಒಂದೊಂದು ಮನೆಯ ಪಾಲಿಗೆ ಸುಮಾರು 15 ಡೆಸಿಬೆಲ್ ನಷ್ಟ. ಒಳ್ಳೆಯ ಗಾಜು ಅಷ್ಟನ್ನು ಕಳೆಯಬೇಕಾದರೆ 75 ಕಿ.ಮೀ. ಓಡಬೇಕು. ಅಂದರೆ ಅಂಗೈಯಗಲದ ಆ ಪೆಟ್ಟಿಗೆ ಬೆಂಗಳೂರಿನಿಂದ ತುಮಕೂರಿನವರೆಗೆ ಹಾಸಿದ ಗಾಜಿನಷ್ಟು ಬೆಳಕನ್ನು ಸದ್ದಿಲ್ಲದೆ ಜೀರ್ಣಿಸಿಕೊಳ್ಳುತ್ತದೆ. ಅದಕ್ಕೆ ಕರೆಂಟೂ ಬೇಡ. ಇಂಥ ಮಿತಾಹಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮನೆಯೊಳಗೆ ಬಂದ ಮೇಲಿನ ಕಥೆ ಗಾಜಿನದಲ್ಲ, ಗಾಳಿಯದು. ರೌಟರನ್ನು ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಮೇಲೆ, ಇಲ್ಲವೇ ಅತಿಥಿಗಳಿಗೆ ಕಾಣಬಾರದೆಂದು ಅಟ್ಟದಲ್ಲಿ ಸ್ಥಾಪಿಸುವುದು ನಮ್ಮ ಗೃಹವಾಸ್ತು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ ಮೂರು. ಅಪಾರ್ಟ್‌ಮೆಂಟಿನ ಅಷ್ಟೂ ಮನೆಗಳು ಅವುಗಳಲ್ಲೇ ಮೈ ಹಿಡಿಮಾಡಿ ಕೂರಬೇಕು. 5 ಗಿಗಾಹರ್ಟ್ಸ್ ವೇಗವಾಗಿದೆ, ಆದರೆ ಗೋಡೆ ಕಂಡರೆ ಅದರ ಜೀವ ಹಾರುತ್ತದೆ.

ಪ್ರಾತಿಭಾಸಿಕ ಪ್ರಕರಣವನ್ನು ಬೇಗ ಮುಗಿಸುತ್ತೇನೆ. ಇಲ್ಲದ ವಸ್ತುವಿನ ಬಗ್ಗೆ ಬಹಳ ಹೇಳಬಾರದು. ಸ್ಪೀಡ್ ಟೆಸ್ಟ್ ಮಾಡಿದಾಗ ಮುಳ್ಳು ನೂರಕ್ಕೆ ನೆಗೆಯುತ್ತದೆ, ವಿಡಿಯೋ ಮಾತ್ರ ಗಿರಗಿರನೆ ಸುತ್ತುತ್ತಲೇ ಇರುತ್ತದೆ. ಪರೀಕ್ಷೆ ನಡೆಸುವ ಸರ್ವರ್ ಎಷ್ಟೋ ಸಲ ಕಂಪನಿಯ ಜಾಲದೊಳಗೇ ಕೂತಿರುತ್ತದೆ. ವಿಡಿಯೋ ಆಚೆಯಿಂದ ಬರಬೇಕು.

ಪ್ರಮಾಣ ವಿಚಾರ

ನೆಟ್ ಹೋಗಿದೆಯೆಂದು ತಿಳಿಯುವುದು ಹೇಗೆ? ಪ್ರತ್ಯಕ್ಷದಿಂದ: ಮನೆಯೊಳಗಿನ ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿಣುಕುತ್ತದೆ. ಅನುಮಾನದಿಂದಲೂ, ಅಂದರೆ ತರ್ಕದಿಂದಲೂ, ತಿಳಿಯಬಹುದು. ನೈಯಾಯಿಕರ ಐದು ಅಂಗಗಳಲ್ಲಿ ಹೇಳುವುದಾದರೆ: ಈ ಬೀದಿಯಲ್ಲಿ ನೆಟ್ ಇಲ್ಲ. ಏಕೆಂದರೆ ಜೆಸಿಬಿ ನಿಂತಿದೆ. ಎಲ್ಲೆಲ್ಲಿ ಜೆಸಿಬಿಯೋ ಅಲ್ಲಲ್ಲಿ ನೆಟ್ ಇರುವುದಿಲ್ಲ, ಹಿಂದಿನ ಬೀದಿಯ ಹಾಗೆ. ಇಲ್ಲಿಯೂ ಅಂಥದೇ ಜೆಸಿಬಿ. ಆದ್ದರಿಂದ ನೆಟ್ ಇಲ್ಲ.

ಇದಕ್ಕೆ ಪ್ರತಿವಾದಿಯ ಆಕ್ಷೇಪ: ಜೆಸಿಬಿ ಇಲ್ಲದೆಯೂ ನೆಟ್ ಹೋದದ್ದುಂಟು. 2011ರಲ್ಲಿ ಜಾರ್ಜಿಯಾ ದೇಶದಲ್ಲಿ ತಾಮ್ರ ಹುಡುಕುತ್ತ ನೆಲ ಅಗೆಯುತ್ತಿದ್ದ ಅಜ್ಜಿಯೊಬ್ಬರ ಗುದ್ದಲಿ ತಗುಲಿ ಪಕ್ಕದ ಅರ್ಮೇನಿಯಾ ದೇಶದ ಬಹುಪಾಲು ಇಂಟರ್ನೆಟ್ ಗಂಟೆಗಟ್ಟಲೆ ನಿಂತುಹೋಗಿತ್ತೆಂದು ವರದಿಯಾಯಿತು. 2015ರಲ್ಲಿ ವಾರಾಣಸಿಯ ಗಂಗಾತೀರದಲ್ಲಿ ಹಾಕಿದ ಫೈಬರ್ ಕೇಬಲ್‌ಗಳನ್ನು ಕೋತಿಗಳು ಕಚ್ಚಿ ಹಾಕಿದವು. ಹೀಗಾಗಿ ಹೇತುವನ್ನು ‘ಅಗೆಯುವ ಅಥವಾ ಕಚ್ಚುವ ಯಾವುದಾದರೂ ಜೀವ’ ಎಂದು ತಿದ್ದಿಕೊಂಡರೆ ದೋಷ ಪರಿಹಾರವಾಗುತ್ತದೆ. ಆಂಜನೇಯನ ಭಕ್ತರು ಕ್ಷಮಿಸಬೇಕು.

ಮೂರನೆಯದು ಶಬ್ದಪ್ರಮಾಣ, ಅಂದರೆ ಕಸ್ಟಮರ್ ಕೇರ್. ಅದರ ಮಹಾವಾಕ್ಯ ಒಂದೇ: “ರೌಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸಾರ್.” ಆಫ್ ಮತ್ತು ಆನ್‌ಗಳ ನಡುವಿನ ಅಂತರದ ಬಗ್ಗೆ ಹತ್ತು ಸೆಕೆಂಡ್ ಮತ, ಅರ್ಧ ನಿಮಿಷದ ಮತ ಎಂದು ಎರಡು ಸಂಪ್ರದಾಯಗಳಿವೆ. ನಗುವ ವಿಷಯವಲ್ಲ, ರೌಟರಿನ ನೆನಪಿನಲ್ಲಿ ತುಂಬಿದ ಗೊಂದಲ ಇದರಿಂದ ಅಳಿದು, ಅದು ಹೊಸದಾಗಿ ಹೆಸರು ನೋಂದಾಯಿಸಿಕೊಳ್ಳುವುದರಿಂದ ಎಷ್ಟೋ ಸಲ ಸರಿಹೋಗುತ್ತದೆ. ಸರಿಹೋಗದಿದ್ದರೆ ಎರಡನೆಯ ವಾಕ್ಯ: “ಏರಿಯಾ ಫುಲ್ ಹೋಗಿದೆ ಸಾರ್, ಹುಡುಗ್ರು ಮೇನ್ ಲೈನ್ ಹತ್ರಾನೇ ಇದಾರೆ.” ಈ ಹುಡುಗರನ್ನು ನಾನಂತೂ ಗೌರವಿಸುತ್ತೇನೆ. ಕೂದಲಿನಷ್ಟು ಸಣ್ಣ ಎರಡು ಗಾಜಿನ ತುದಿಗಳನ್ನು ಮಳೆಯಲ್ಲಿ, ಏಣಿಯ ಕೆಳಗೆ, ಮೊಬೈಲ್ ಟಾರ್ಚಿನ ಬೆಳಕಲ್ಲಿ ಸುಟ್ಟು ಬೆಸೆಯುವುದು ಜಪಾನಿನ ಪ್ರಯೋಗಾಲಯದಲ್ಲೂ ದಾಖಲೆಯೇ ಆದೀತು.

ಸ್ಮೃತಿಗಳು ಏನನ್ನುತ್ತವೆ? 2004ರ ಸರ್ಕಾರಿ ಸ್ಮೃತಿಯ ಪ್ರಕಾರ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್. 2013ರಲ್ಲಿ 512. 2023ರಲ್ಲಿ 2 ಎಂಬಿಪಿಎಸ್. ಆದ್ದರಿಂದ ನಿಮಗೆ ಮೂರು ಬರುತ್ತಿದ್ದರೆ ಶಾಸ್ತ್ರದ ಕಣ್ಣಿನಲ್ಲಿ ನೀವು ಶ್ರೀಮಂತರು. ದೂರು ಕೊಟ್ಟರೆ ಪಾಪ ಬರುವ ಸಂಭವವಿದೆ.

ಫಲಶ್ರುತಿ

ಈ ಗ್ರಂಥವನ್ನು ಸಂಜೆ ಕೆಂಪು ದೀಪ ಮಿಣುಕುವ ಹೊತ್ತಿನಲ್ಲಿ ಪಾರಾಯಣ ಮಾಡಿದವನು ಐಬು ಬಹುಮಟ್ಟಿಗೆ ಹೊರಗಿನ ಲೈನಿನದೆಂದು ಅರಿತು, ತಂತಿ ಕೀಳುವ ಚಪಲದಿಂದ ಮುಕ್ತನಾಗುತ್ತಾನೆ. ಹಸಿರು ದೀಪವಿದ್ದೂ ನೆಟ್ ತೆವಳುವಾಗ ಓದಿದವನು ರೌಟರನ್ನು ಅಟ್ಟದಿಂದ ಇಳಿಸುತ್ತಾನೆ. ಕಂಪ್ಯೂಟರಿಗೆ ನೇರವಾಗಿ ತಂತಿ ಸಿಕ್ಕಿಸಿ ಓದಿದವನಿಗೆ ಪ್ಲಾನಿನಲ್ಲಿ ಬರೆದ ವೇಗದ ದರ್ಶನ ಒಮ್ಮೆಯಾದರೂ ಆಗುತ್ತದೆ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬೈಟ್ ಎಂದು ತಿಳಿದು, 12.5 ಮಾತ್ರ ಬಂತೆಂದು ಕಂಪನಿಯವರ ಜೊತೆ ಜಗಳಕ್ಕೆ ನಿಂತವನಿಗೆ ಈ ಎಲ್ಲ ಫಲದ ಎಂಟನೆಯ ಒಂದು ಪಾಲು ದೊರೆಯುತ್ತದೆ.